ಟ್ಯೂಬ್‌ಲೈಟ್‌ನಲ್ಲಿ ಎಲ್ಲ ಲ್ಯಾಪ್‌ಟಾಪೂ ಚೆಂದ

ಲ್ಯಾಪ್‌ಟಾಪನ್ನು ಸೀರೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು, ಅಂಗಡಿಯ ಬಾಗಿಲಿಗೆ ತಂದು, ಬಿಸಿಲಿನಲ್ಲಿ ತಿರುಗಿಸಿ ತಿರುಗಿಸಿ ನೋಡುವವರನ್ನು ನೀವು ಕಂಡಿದ್ದೀರಾ? ನಾನು ಕಂಡೆ. ಆರ್.ಟಿ. ನಗರದ ಮೇನ್ ರೋಡಿನಲ್ಲಿ, ಶನಿವಾರ ಮಧ್ಯಾಹ್ನ. ಅಂಗಡಿಯವರು ಚಾರ್ಜರ್ ವೈರು ಹಿಡಿದುಕೊಂಡು ಹಿಂದೆ ಹಿಂದೆ ಬರುತ್ತಿದ್ದರು, ಮದುಮಗಳ ಸೆರಗು ಹಿಡಿದವರ ಹಾಗೆ.

ಲ್ಯಾಪ್‌ಟಾಪ್ ಹಿಡಿದಿದ್ದವರು ಅಮ್ಮಾಜಾನ್. ನಮ್ಮ ಕೆಳಗಿನ ಮನೆಯ ನಸ್ರೀನಳ ಅತ್ತೆ. ಬಿಲ್ಡಿಂಗಿನಲ್ಲಿ ಎಲ್ಲರಿಗೂ ಅವರು ಅಮ್ಮಾಜಾನೇ.

ಕಥೆ ಶುರುವಾದದ್ದು ಅದಕ್ಕೂ ಕೆಲವು ದಿನ ಮೊದಲು.

ನಸ್ರೀನ್ ಗಣಿತದ ಟೀಚರ್. ಸಂಜೆಯಾದರೆ ಅವಳ ಹಾಲ್ ತುಂಬ ಹೈಸ್ಕೂಲ್ ಮಕ್ಕಳು. ಮೆಟ್ಟಿಲ ತುಂಬ ಅವರ ಚಪ್ಪಲಿ. (ನಾನು ಹಾಲು ತರಲು ಇಳಿಯುವುದು ಕುಂಟಾಬಿಲ್ಲೆ ಆಡಿಕೊಂಡೇ.) ಅವಳ ಗಂಡ ಇಮ್ತಿಯಾಜ್‌ಗೆ ಮೊಬೈಲ್ ಕವರ್ ಮಾರುವ ಪುಟ್ಟ ಅಂಗಡಿ ಇತ್ತು. ಕಟ್ಟಡ ಒಡೆದು ಹೊಸದು ಕಟ್ಟುತ್ತೇನೆ ಅಂತ ಓನರ್ ಖಾಲಿ ಮಾಡಿಸಿದ. ಬೇರೆ ಜಾಗ ಸಿಗುವವರೆಗೆ ಮನೆ ನಡೆಯಬೇಕಾದದ್ದು ನಸ್ರೀನಳ ಪಾಠದ ಮೇಲೆ. ಅದೇ ಹೊತ್ತಿಗೆ ಒಂದು ಆನ್‌ಲೈನ್ ಟ್ಯೂಷನ್ ಕಂಪನಿ ಅವಳನ್ನು ಕರೆಯಿತು. ಒಂದು ಡೆಮೊ ಕ್ಲಾಸ್ ತಗೊಳ್ಳಿ, ಚೆನ್ನಾಗಿದ್ದರೆ ತಿಂಗಳ ಸಂಬಳ ಅಂದರು.

ಡೆಮೊ ದಿನ ಅವಳು ತೆರೆಯ ಮೇಲಿನ ಬೋರ್ಡಿನಲ್ಲಿ ಒಂದು ತ್ರಿಭುಜ ಬರೆಯಲು ಶುರು ಮಾಡಿದಳು. ಎರಡು ಗೆರೆ ಬಂತು. ಮೂರನೆಯದು ಬರಲಿಲ್ಲ. ಮುಚ್ಚಳದ ಹಿಂಜ್ ಮುರಿದು ರವೆ ಡಬ್ಬಿಗೆ ಒರಗಿ ನಿಂತಿದ್ದ ಅವಳ ಹಳೇ ಲ್ಯಾಪ್‌ಟಾಪ್ ಅಲ್ಲಿಗೇ ಉಸಿರು ಬಿಟ್ಟಿತು. ಕಂಪನಿಯವರು ಫೋನ್ ಮಾಡಿ, "ಪಾಠ ಚೆನ್ನಾಗಿತ್ತು ಮೇಡಂ, ಡಿವೈಸ್ ಸರಿಯಿಲ್ಲ. ಮುಂದಿನ ಸೋಮವಾರ ಇನ್ನೊಂದ್ ಚಾನ್ಸ್ ಕೊಡ್ತೀವಿ, ಅದೇ ಲಾಸ್ಟು" ಅಂದರು.

ಅವಳು ನೇರ ಮೇಲೆ ನಮ್ಮ ಮನೆಗೆ ಬಂದಳು.

"ಅಕ್ಕಾ, ನೀವು ಯಾವಾಗ್ಲೂ ಲ್ಯಾಪ್‌ಟಾಪ್ ವೀಡಿಯೊ ನೋಡ್ತಿರ್ತೀರಲ್ಲ. ನಮ್ ಬಜೆಟ್‌ಗೆ ಯಾವ್ದು ತಗೊಳ್ಲಿ ಹೇಳಿ."

ನೋಡುತ್ತೇನೆ, ನಿಜ. ರಾತ್ರಿ ಊಟಕ್ಕೆ ನನಗೆ ಉಪ್ಪಿನಕಾಯಿ ಇಲ್ಲದಿದ್ದರೂ ನಡೆಯುತ್ತದೆ, ಟೆಕ್ ರಿವ್ಯೂ ಬೇಕು. ಎರಡು ಲಕ್ಷದ ಯಾವ ಲ್ಯಾಪ್‌ಟಾಪಿನ ಮುಚ್ಚಳ ಒಂದೇ ಬೆರಳಿನಲ್ಲಿ ತೆರೆಯುತ್ತದೆ ಅಂತ ನಾನು ನಿದ್ದೆಯಲ್ಲೂ ಹೇಳಬಲ್ಲೆ. ಅದನ್ನು ಕೊಳ್ಳುತ್ತೇನಾ? ಮುಟ್ಟಿಯೂ ನೋಡಿಲ್ಲ.

ಇಬ್ಬರೂ ಸೋಫಾದಲ್ಲಿ ಕೂತು ಹುಡುಕಿದೆವು. 'ಬೆಸ್ಟ್ ಬಜೆಟ್ ಲ್ಯಾಪ್‌ಟಾಪ್ಸ್' ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ್ದ ವೀಡಿಯೊ ತೆರೆದರೆ, ಅದರ ಅತಿ ಕಡಿಮೆ ಬೆಲೆಯ ಮಾಡೆಲ್ಲೇ ನಸ್ರೀನಳ ಕೈಯಲ್ಲಿದ್ದ ದುಡ್ಡಿನ ಡಬಲ್.

"ಇವ್ರು ಯಾವ ಮನೆ ಬಜೆಟ್ ಹೇಳ್ತಿದಾರೆ ಅಕ್ಕಾ?"

ಇನ್ನೊಬ್ಬ ಹುಡುಗ, ಹಿಂದೆ ನೇರಳೆ ಲೈಟು ಹಾಕಿಕೊಂಡು, "ಬಜೆಟ್ ಸ್ವಲ್ಪ ಸ್ಟ್ರೆಚ್ ಮಾಡಿದ್ರೆ" ಅಂತ ಶುರು ಮಾಡಿದ.

"ನಾವೇನ್ ಎಲಾಸ್ಟಿಕ್ಕಾ?" ಅಂದಳು ನಸ್ರೀನ್.

ಕೊನೆಗೆ ಒಂದು ವೀಡಿಯೊದಲ್ಲಿ, ಮುಗಿಯುವ ಮ್ಯೂಸಿಕ್ ಶುರುವಾದ ಮೇಲೆ, ಅವಳ ಬಜೆಟ್ಟಿನ ಒಂದು ತೆಳ್ಳನೆಯ ಬೆಳ್ಳಿ ಬಣ್ಣದ ಲ್ಯಾಪ್‌ಟಾಪ್ ಬಂತು. ರಿವ್ಯೂ ಪೂರ್ತಿ ಒಂದೇ ಸಾಲು: "ಇದು ಬೇಸಿಕ್ ಯೂಸ್‌ಗೆ ಓಕೆ." ಅಷ್ಟು ಹೇಳಿ ಸಬ್‌ಸ್ಕ್ರೈಬ್ ಮಾಡಿ ಅಂದ.

ನಸ್ರೀನ್ ಕೇಳಿದಳು, "ಪಾಠ ಮಾಡೋದು ಬೇಸಿಕ್ಕಾ ಅಕ್ಕಾ?"

ನೀವೇ ಹೇಳಿ, ಬೇಸಿಕ್ಕಾ? ಈ ಹುಡುಗರು ಲ್ಯಾಪ್‌ಟಾಪಿನಲ್ಲಿ ಗೇಮ್ ಆಡಿ ನೋಡುತ್ತಾರೆ. ಸಿನಿಮಾದಷ್ಟು ದೊಡ್ಡ ವೀಡಿಯೊ ಎಡಿಟ್ ಮಾಡಿ ನೋಡುತ್ತಾರೆ. ಗಡಿಯಾರ ಇಟ್ಟುಕೊಂಡು ಅಳೆಯುತ್ತಾರೆ. ಕ್ಯಾಮೆರಾ ಆನ್ ಇದ್ದು, ಬೋರ್ಡಿನ ಮೇಲೆ ಬರೆಯುತ್ತಾ, ಒಂದು ಹಿಂಡು ಮಕ್ಕಳ ಮುಖ ತೆರೆಯ ಮೇಲಿದ್ದು, ಕರೆಂಟು ಹೋಗಿ, ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕ್ಲಾಸು ನಡೆಯುವಾಗ ಏನಾಗುತ್ತದೆ ಅಂತ ಯಾರಾದರೂ ನೋಡಿದ್ದಾರಾ? ನಮ್ಮ ಏರಿಯಾದಲ್ಲಿ ಲ್ಯಾಪ್‌ಟಾಪ್ ಮಾಡುವ ಕೆಲಸ ಇದೇ ಕಣ್ರೀ.

ನನಗೆ ಸಿಟ್ಟು ಬಂತು. ಯಲಹಂಕದ ಕಿರಣ್‌ಗೆ ಫೋನ್ ಹಚ್ಚಿದೆ. ನನ್ನ ಹಳೇ ಸಹೋದ್ಯೋಗಿಯೊಬ್ಬಳ ತಮ್ಮ. ಕನ್ನಡದಲ್ಲೇ ಟೆಕ್ ರಿವ್ಯೂ ಮಾಡುತ್ತಾನೆ, ಮನೆಯ ಒಂದು ರೂಮನ್ನೇ ಸ್ಟುಡಿಯೊ ಮಾಡಿಕೊಂಡಿದ್ದಾನೆ.

"ಏನೋ ಕಿರಣ, ಬಡವರ್ ಲ್ಯಾಪ್‌ಟಾಪ್ ತೋರ್ಸಿದ್ರೆ ನಿನ್ ಕ್ಯಾಮೆರಾ ಮುನಿಸ್ಕೊಳ್ಳುತ್ತಾ?"

"ಅಕ್ಕ, ಕಂಪನಿಯವ್ರು ಕಳ್ಸಿದ್ರೆ ತಾನೇ ತೋರ್ಸೋದು? ಅವ್ರು ಕಳ್ಸೋದೆಲ್ಲಾ ಮೇಲಿನ್ ಮಾಡೆಲ್ಲು. ಕೆಳಗಿಂದು ಬೇಕು ಅಂದ್ರೆ ನಾನೇ ದುಡ್ ಕೊಟ್ಟು ತಗೋಬೇಕು."

"ತಗೊಳೋ. ಸತ್ತೋಗ್ತೀಯಾ?"

"ತಗೊಂಡೆ ಅಕ್ಕ. ದೀಪಾವಳಿಗ್ ಮುಂಚೆ ಒಂದ್ ತಗೊಂಡು, ವಾರ ಪೂರ್ತಿ ಅದನ್ನೇ ಬಳ್ಸಿ ವೀಡಿಯೊ ಹಾಕ್ದೆ. ಯಾರ್ ನೋಡಿದ್ರು ಹೇಳಿ. ಹೋಗ್ಲಿ, ನೀವ್ ನೋಡಿದ್ರಾ?"

ನಾನು ಕೆಮ್ಮಿದೆ. (ಅದೇ ವಾರ ಅವನು ಹಾಕಿದ್ದ, ಎರಡು ಸ್ಕ್ರೀನಿನ ಲ್ಯಾಪ್‌ಟಾಪ್ ವೀಡಿಯೊ ನೋಡಿದ್ದೆ. ಎರಡು ಸಲ.)

"ಗೊತ್ತಿತ್ತು," ಅಂದ ಕಿರಣ್. "ಆ ಲ್ಯಾಪ್‌ಟಾಪಲ್ಲಿ ಈಗ ನಮ್ಮಮ್ಮ ಸೀರಿಯಲ್ ನೋಡ್ತಾರೆ. ಅವರೊಬ್ರೇ ಅದಕ್ಕೆ ಲೈಕ್ ಕೊಟ್ಟಿದ್ದು."

"ಸರಿ ಮಾರಾಯ, ಈಗ ಈ ಹುಡುಗಿಗೆ ಏನ್ ಹೇಳ್ಲಿ?"

"ಆ ರೇಂಜಲ್ಲಿ ಬಾಕ್ಸ್ ಮೇಲೆ ಬರ್ದಿರೋದು ಓದಿ ಏನೂ ಗೊತ್ತಾಗಲ್ಲ ಅಕ್ಕ. ಅಂಗಡಿಗೇ ಹೋಗಿ ಒಂದ್ ಕ್ಲಾಸ್ ತಗೊಂಡ್ಬಿಡಕ್ಕೆ ಹೇಳಿ," ಅಂತ ನಕ್ಕ.

ಅವನು ತಮಾಷೆಗೆ ಹೇಳಿದ್ದು. ಫೋನ್ ಸ್ಪೀಕರಿನಲ್ಲಿತ್ತು. ನಸ್ರೀನ್ ನಗಲಿಲ್ಲ. "ಶನಿವಾರ ಹೋಗೋಣ ಅಕ್ಕಾ," ಅಂದಳು.

ಹೋದೆವು. ಬೇಡ ಅಂದರೂ ಅಮ್ಮಾಜಾನ್ ಹೊರಟರು. ಮನೆಗೆ ಬರುವ ವಸ್ತುವನ್ನು ತಾವು ನೋಡದೆ ತರುವುದು ಅವರ ಪ್ರಕಾರ ಸರಿಯಲ್ಲ. ಸೊಸೆಯನ್ನೂ ಹಾಗೇ ನೋಡಿ ತಂದವರು.

ಅಂಗಡಿ ಮಂಜಣ್ಣನದು. ಸಿಂಗಾಪುರದ ಕಡೆಯವರು (ವಿಮಾನದಲ್ಲಿ ಹೋಗುವ ಸಿಂಗಾಪುರ ಅಲ್ಲ, ಯಲಹಂಕದ ಹತ್ತಿರದ್ದು). ಇವರ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸೈಟುಗಳು, ಬಾಡಿಗೆ ಬರುತ್ತದೆ. ಹಾಗಾಗಿ ಮಂಜಣ್ಣನಿಗೆ ವ್ಯಾಪಾರದ ಅವಸರ ಇಲ್ಲ, ತಾಳ್ಮೆ ಇದೆ. ಆದರೂ ನಸ್ರೀನಳ ಮಾತು ಕೇಳಿ ತಲೆ ಕೆರೆದುಕೊಂಡರು.

"ಅಂಗಡೀಲಿ ಕ್ಲಾಸಾ? ಇಲ್ಲೀಗಂಟ ಯಾರೂ ಇಂಗೆ ಕೇಳಿಲ್ಲ ಕಣಮ್ಮ. ಆಯ್ತು, ತಗೊಳಿ. ನನ್ ಮಾತ್ರ ಬೋರ್ಡ್‌ತಾವ್ಕೆ ಕರೀಬೇಡಿ, ನಂದು ಲೆಕ್ಕ ವೀಕು."

ನಸ್ರೀನ್ ತನ್ನ ಟ್ಯೂಷನ್ ಮಕ್ಕಳ ಗ್ರೂಪಿಗೆ ಲಿಂಕ್ ಹಾಕಿದಳು. ಬೆಳ್ಳಿ ಬಣ್ಣದ ಲ್ಯಾಪ್‌ಟಾಪ್ ಕೌಂಟರ್ ಮೇಲೆ. ಅವಳ ಫೋನಿನದೇ ಹಾಟ್‌ಸ್ಪಾಟ್. ಒಬ್ಬೊಬ್ಬರೇ ಮಕ್ಕಳು ತೆರೆಯ ಮೇಲೆ ಬಂದರು. ಒಬ್ಬಳು ತಲೆಗೆ ಎಣ್ಣೆ ಹಾಕಿಸಿಕೊಳ್ಳುತ್ತಾ ಬಂದಳು. ನಸ್ರೀನ್ ಗಂಟಲು ಸರಿ ಮಾಡಿಕೊಂಡು, ಅದೇ ತ್ರಿಭುಜದ ಪಾಠ ಶುರು ಮಾಡಿದಳು. ಪ್ರಿಂಟರ್ ಇಂಕಿಗೆ ಬಂದಿದ್ದ ಹಿರಿಯರೊಬ್ಬರು ಹಿಂದೆ ನಿಂತು ಅವಳ ಪ್ರಶ್ನೆಗೆ ಉತ್ತರ ಕೊಟ್ಟರು. ತಪ್ಪು ಉತ್ತರ. "ಯೋಚ್ನೆ ಮಾಡಿ ಹೇಳಿ ಸರ್," ಅಂದಳು ನಸ್ರೀನ್, ಅವರ ಕಡೆ ತಿರುಗದೆ.

ಆಮೇಲೆ ಫ್ಯಾನು ಮಿಕ್ಸಿಯ ಹಾಗೆ ಶಬ್ದ ಮಾಡತೊಡಗಿತು. ಮಕ್ಕಳ ಮುಖಗಳು ಬಾಯಿ ತೆರೆದ ಹಾಗೇ ನಿಂತವು. ಒಂದು ಗೆರೆ ಬಂತು. ಎರಡನೆಯದು ಬಂತು. ಮೂರನೆಯದಕ್ಕೆ ಎಲ್ಲರೂ ಕಾದೆವು, ಬಿಎಂಟಿಸಿ ಬಸ್ಸಿಗೆ ಕಾಯುವ ಹಾಗೆ.

ನಸ್ರೀನಳ ಮುಖ ನೋಡಲಾಗಲಿಲ್ಲ. ಅವಳ ದುಡ್ಡಿಗೆ ವೀಡಿಯೊದವರು ಓಕೆ ಅಂದದ್ದು ಇದೊಂದನ್ನೇ.

ಆಗ ಎದ್ದರು ಅಮ್ಮಾಜಾನ್. ಮೂಲೆಯ ಸ್ಟೂಲಿನಲ್ಲಿ ಕೂತಿದ್ದವರು ಬಂದು ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಟೇಬಿಟ್ಟರು.

"ಅಮ್ಮೀ, ಎಲ್ಲಿಗೆ?" ಅಂದಳು ನಸ್ರೀನ್.

"ಬಾಗ್ಲಿಗೆ. ಟ್ಯೂಬ್‌ಲೈಟ್‌ನಲ್ಲಿ ಎಲ್ಲಾ ಚೆನ್ನಾಗೇ ಕಾಣ್ತದೆ. ಬೆಳಕಿಗ್ ತಂದ್ರೆ ಅಸಲಿ ರಂಗು ಗೊತ್ತಾಗ್ತದೆ."

"ಅಮ್ಮೀ, ಅದು ಬಟ್ಟೆ ಅಲ್ಲ."

"ದುಡ್ಡು ಅದೇ ಅಲ್ವಾ?"

ಬಾಗಿಲಲ್ಲಿ ಅದನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದರು. "ಇದ್ರಲ್ಲಿ ನಂದೇ ಮುಖ ಕಾಣ್ತದೆ. ಕನ್ನಡಿ ಮನೇಲಿದೆ, ಬೇಡ," ಅಂತ ತೀರ್ಪು ಕೊಟ್ಟರು.

ನಾವು ನಕ್ಕೆವು. ನಸ್ರೀನ್ ಮಾತ್ರ ಬಾಗಿಲಿಗೆ ಹೋಗಿ ನೋಡಿದಳು. ಅವಳ ಮನೆಯಲ್ಲಿ ಫೋನಿಗೆ ಸಿಗ್ನಲ್ ಬರುವುದು ಕಿಟಕಿಯ ಪಕ್ಕ ಮಾತ್ರ. ಕರೆಂಟು ಹೋದರೆ ಅಲ್ಲೇ ಕೂತು, ಆ ಬೆಳಕಿನಲ್ಲೇ ಪಾಠ ಮಾಡಬೇಕು. ಪಾಠದ ಬದಲು ತನ್ನ ಮುಖವೇ ಕಂಡರೆ?

ಮಂಜಣ್ಣ ಕೆಳಗಿನ ರ‍್ಯಾಕಿಗೆ ಬಗ್ಗಿ ಇನ್ನೊಂದು ತೆಗೆದರು. ಕಪ್ಪು, ದಪ್ಪ, ಪೂರ್ತಿ ಪ್ಲಾಸ್ಟಿಕ್. ನೋಡಿದರೆ ಹಳೇ ಟಿಫಿನ್ ಕ್ಯಾರಿಯರ್ ನೆನಪಾಗಬೇಕು.

"ಇದುನ್ನ ಯಾರೂ ಕೇಳಲ್ಲ. ವೀಡಿಯೋದಾಗ್ ಬಂದಿಲ್ವಲ್ಲಾ, ಅದುಕ್ಕೆ. ಆ ತೆಳ್ಳಗಿರೋದ್ರಾಗೆ ರ‍್ಯಾಮ್ ಅಂಟಿಸ್ಬುಟ್ಟವ್ರೆ, ಏನೂ ಮಾಡಕ್ಕಾಗಲ್ಲ. ಇದ್ರಾಗೆ ಇನ್ನೊಂದ್ ಆಕ್ಬೋದು. ಆಕಿ ಕೊಡ್ತೀನಿ, ನಿಮ್ ದುಡ್‌ನಾಗೇ ಆಯ್ತದೆ."

(ರ‍್ಯಾಮ್ ಅಂದರೆ ಅಡುಗೆಮನೆ ಕಟ್ಟೆ ಇದ್ದ ಹಾಗೆ. ಕಟ್ಟೆ ಚಿಕ್ಕದಾದರೆ ತರಕಾರಿ ಹೆಚ್ಚುವಾಗ ಚಪಾತಿ ಲಟ್ಟಿಸಲಾಗುವುದಿಲ್ಲ. ಅಷ್ಟೇ ವಿಷಯ. ಇದನ್ನೂ ಯಾವ ವೀಡಿಯೊದವನೂ ನನಗೆ ಹೇಳಿರಲಿಲ್ಲ.)

ರ‍್ಯಾಮ್ ಹಾಕಿದ ಮೇಲೆ ಮತ್ತೆ ಕ್ಲಾಸು. ಮತ್ತೆ ಮಕ್ಕಳು, ಅದೇ ಎಣ್ಣೆ ತಲೆ. ಮೊದಲ ಗೆರೆ, ಎರಡನೆಯ ಗೆರೆ, ಮೂರನೆಯ ಗೆರೆ. "ಮಿಸ್, ಕಾಣ್ತಿದೆ ಮಿಸ್," ಅಂತ ಎಲ್ಲ ಒಟ್ಟಿಗೆ ಕೂಗಿದವು. ಇಂಕಿನ ಹಿರಿಯರು ಈ ಸಲ ಸರಿ ಉತ್ತರ ಕೊಟ್ಟರು. ಬಾಗಿಲ ಬೆಳಕಿನಲ್ಲಿ ಸ್ಕ್ರೀನು ಮಂಕಾಗಿತ್ತು, ಆದರೆ ಅಕ್ಷರ ಓದಬಹುದಿತ್ತು. ಅಮ್ಮಾಜಾನ್ ತಲೆಯಾಡಿಸಿದರು.

"ಕಪ್ಪು ಯಾಕೋ ಇಷ್ಟ ಆಗ್ಲಿಲ್ಲ. ಇದೇ ಪೀಸಲ್ಲಿ ಬೇರೆ ಕಲರ್ ತೋರ್ಸಿ."

ಮಂಜಣ್ಣ ಒಂದು ಬ್ಯಾಗ್ ಫ್ರೀ ಕೊಟ್ಟು ಬಚಾವಾದರು.

ಸೋಮವಾರ ಡೆಮೊ ಶುರುವಾಗಿ ಸ್ವಲ್ಪ ಹೊತ್ತಿಗೇ ಕರೆಂಟು ಹೋಯಿತು. ನಾನು ಮೇಲಿನ ಬಾಲ್ಕನಿಯಲ್ಲಿ ಒಣಗಿದ ಬಟ್ಟೆಯನ್ನೇ ಮತ್ತೆ ಹರವುತ್ತಾ ನಿಂತಿದ್ದೆ. ಕೆಳಗಿನ ಕಿಟಕಿಯಿಂದ ನಸ್ರೀನಳ ದನಿ ಬರುತ್ತಿತ್ತು. ನಡುವೆ ಅಮ್ಮಾಜಾನ್ ಕುಕ್ಕರ್ ಒಂದು ಸೀಟಿ ಹೊಡೆಯಿತು. ದನಿ ನಿಲ್ಲಲಿಲ್ಲ. ಪಾಠ ಮುಗಿದ ಮೇಲೆ ಅವಳು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತು ಹೇಳಿದ್ದು ಇಷ್ಟು:

"ಮೂರನೇ ಗೆರೆ ಬಂತು ಅಕ್ಕಾ."

ಮಾರನೇ ದಿನ ಕೆಲಸವೂ ಬಂತು.

ಈಗ ಬೈಯುವ ಕಾರ್ಯಕ್ರಮ. ರಿವ್ಯೂ ಮಾಡುವವರು ಕಡಿಮೆ ಬೆಲೆಯ ಸಾಮಾನಿನ ಕಡೆ ಸಾಕಷ್ಟು ಗಮನ ಕೊಡುತ್ತಾರಾ? ಇಲ್ಲ. ಎರಡು ಲಕ್ಷ ಇರುವವನು ಯಾವುದನ್ನು ಕೊಂಡರೂ ಅವನ ಕೆಲಸ ನಡೆಯುತ್ತದೆ. ತಪ್ಪಾದರೆ ಮಗಳಿಗೆ ಕೊಟ್ಟು ಇನ್ನೊಂದು ತರುತ್ತಾನೆ. ಒಂದೇ ಸಲ ಕೊಳ್ಳುವವಳು ತಪ್ಪಿದರೆ ಅವಳ ಸೋಮವಾರವೇ ಹೋಗುತ್ತದೆ. ರಿವ್ಯೂ ನಿಜಕ್ಕೂ ಬೇಕಾದದ್ದು ಯಾರಿಗೆ? ಸಿಕ್ಕುತ್ತಿರುವುದು ಯಾರಿಗೆ?

ಆದರೆ ಕಿರಣ್ ಕೇಳಿದ ಪ್ರಶ್ನೆಯನ್ನು ನಾನು ನುಂಗಿಕೊಂಡು ಕೂರುವ ಹಾಗಿಲ್ಲ. ಬಡ ಲ್ಯಾಪ್‌ಟಾಪಿನ ವೀಡಿಯೊ ಬಂದರೆ ಬೆರಳು ಮುಂದೆ ತಳ್ಳುವವರು ಯಾರು? ನಾನೇ. ನೀವೂ, ಸುಮ್ಮನಿರಿ. ಕೊಳ್ಳಲಾಗದ್ದನ್ನು ಪೂರ್ತಿ ನೋಡುತ್ತೇವೆ, ಕೊಳ್ಳಬೇಕಾದ್ದನ್ನು ಬೇಸಿಕ್ ಅನ್ನುತ್ತೇವೆ.

ಈ ಕಥೆ ಕೇಳಿ ಕಿರಣ್ ಕ್ಯಾಮೆರಾ ಹಿಡಿದು ನಮ್ಮ ಬಿಲ್ಡಿಂಗಿಗೇ ಬಂದ. ಯಾವ ನೇರಳೆ ಲೈಟೂ ತಂದಿರಲಿಲ್ಲ. ನಸ್ರೀನಳ ಕಿಟಕಿಯ ಬೆಳಕಿನಲ್ಲಿ, ಕುಕ್ಕರ್ ಸೀಟಿ ಸಮೇತ, ಆ ಕಪ್ಪು ಡಬ್ಬಿಯ ರಿವ್ಯೂ ಮಾಡಿದ. ಅಮ್ಮಾಜಾನ್ ಕ್ಯಾಮೆರಾ ಮುಂದೆ ಬರಲಿಲ್ಲ; ಒಳಗಿಂದಲೇ "ಕಲರ್ ಬಗ್ಗೆ ಹೇಳು" ಅಂತ ಕೂಗಿದ್ದು ವೀಡಿಯೊದಲ್ಲಿ ಕೇಳಿಸುತ್ತದೆ.

ಹೋದ ವಾರ ವೀಡಿಯೊ ಹಾಕಿದ್ದಾನೆ. ನೋಡಿದವರು ನಮ್ಮ ಬಿಲ್ಡಿಂಗಿನವರು, ಟ್ಯೂಷನ್ ಮಕ್ಕಳು, ಮಂಜಣ್ಣ, ಕಿರಣ್‌ನ ಅಮ್ಮ. ಇಷ್ಟೂ ಮಂದಿಯ ನಡುವೆ ಒಬ್ಬ ಅಪರಿಚಿತ ಬಂದು ಕಾಮೆಂಟ್ ಮಾಡಿದ್ದಾನೆ: "ಬ್ರೋ, ಇದ್ರಲ್ಲಿ ಗೇಮಿಂಗ್ ಆಗುತ್ತಾ?"

ಕೆಳಗೆ ನಸ್ರೀನ್ ಉತ್ತರ ಬರೆದಿದ್ದಾಳೆ: "ಇಲ್ಲಪ್ಪ, ಇದ್ರಲ್ಲಿ ನಮ್ ಮನೆ ನಡೀತದೆ. ಸಾಕಾ?"