ಪದಕದ ಬೆನ್ನಿನ ಗೀಟು

ಯುದ್ಧ ಬಂದು ಚಿನ್ನ ಕೈಗೆಟುಕದಂತಾದ ಮೇಲೆ ನಮ್ಮ ಮದ್ದೂರಿನ ಬಡವರ ಮದುವೆಗೆ ಮರಿತಾಯಮ್ಮನ ಮಣ್ಣಿನ ಪದಕವೇ ಗತಿ. ಶಿಂಷಾ ದಡದ ಜೇಡಿಮಣ್ಣಿಗೆ ಹತ್ತಿ ಸೇರಿಸಿ ಕುಟ್ಟಿ, ಹೂವು ತಿದ್ದಿ, ಒಲೆಯ ಕೆಂಡದಲ್ಲಿ ಸುಟ್ಟು ಬಣ್ಣ ಬಳಿಯುತ್ತಾಳೆ. ಆಗ ಅಂಗಳದಲ್ಲಿ ಕಾಗೆ ಕೂಗಿದರೂ ಅದರ ವಂಶವನ್ನೆಲ್ಲ ಜಾಲಾಡುತ್ತಾಳೆ. ಹಸಿಯಿದ್ದಾಗಲೇ ಪ್ರತಿ ಪದಕದ ಬೆನ್ನಿಗೂ ಜಾಲಿಮುಳ್ಳಿನಿಂದ ಒಂದು ಗೀಟು ಎಳೆದಿರುತ್ತಾಳೆ, ಕೊಡುವಾಗ ಅದನ್ನು ತೋರಿಸಿ, “ಇದು ಮಣ್ಣು ಕಣಮ್ಮ. ಬೀಗರ ಮುಂದೆ ಚಿನ್ನ ಅಂದ್ಬುಟ್ಟೀಯ, ಉಸಾರು!” ಎಂದು ಗದರುತ್ತಾಳೆ. ಗೀಟಿಲ್ಲದ ಪದಕ ಅವಳು ಮಾಡಿದ್ದು ಒಂದೇ. ಚಿನ್ನದ ರೇಕು ಅಂಟಿಸಿ ಮಗಳ ಕೊರಳಿಗೆ ಹಾಕಿ ಗಂಡನ ಮನೆಗೆ ಕಳಿಸಿದ್ದು. ಮೂರೇ ತಿಂಗಳಿಗೆ ಸೀಗೆಪುಡಿ ತಾಗಿ ರೇಕು ಎದ್ದು ಒಳಗಿನ ಮಣ್ಣು ಕಂಡಿತು. ಅತ್ತೆ ಸೊಸೆಯನ್ನು ವಾಪಸು ಅಟ್ಟಿದಳು. ಈಗ ಯಾರಾದರೂ “ಕೊರಳಿಗಾಕಿ ತೋರ್ಸವ್ವ” ಅಂದರೆ, ಪಕ್ಕದಲ್ಲೇ ಮಣ್ಣು ಕುಟ್ಟುತ್ತ ಕೂತ ಮಗಳ ಕಡೆ ನೋಡದೆ, ಮರಿತಾಯಮ್ಮ ತನ್ನ ಮುದಿ ಕೊರಳಿಗೇ ಹಿಡಿದು ತೋರಿಸುತ್ತಾಳೆ.