ಬೋರ್ಡಿನವರು ಕೊಟ್ಟ ಮೋಟರು

ಕೊಳ್ಳೇಗಾಲದ ಒಂದು ಗ್ರಾನೈಟ್ ಕಂಪನಿಯಲ್ಲಿ ಕೆಲವು ವರ್ಷ ನಾನು ಡೈರೆಕ್ಟರ್ ಆಗಿದ್ದೆ. ಕಲ್ಲಿನ ಬಗ್ಗೆ ನನಗೆ ಗೊತ್ತಿದ್ದದ್ದು ಎಡವಿದರೆ ನೋಯುತ್ತದೆ ಎನ್ನುವಷ್ಟೇ. ಬೋರ್ಡಿನಲ್ಲಿ ಒಬ್ಬ ಹೆಂಗಸು ಇರಲೇಬೇಕೆಂದು ಆಡಿಟರ್ ಹೆದರಿಸಿದ್ದರಂತೆ. ಛೇರ್ಮನ್ನರಿಗೆ ತಮ್ಮ ಮಗಳಿಗೆ ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಸಿದ ಮುದುಕಿ ನೆನಪಾದಳು. ಉಳಿದ ಇಬ್ಬರು ಡೈರೆಕ್ಟರುಗಳು ಅವರ ತಮ್ಮ ಮತ್ತು ಭಾವಮೈದ. ಹಿರಿಯರು ಬಾಯಿ ಬಿಟ್ಟರೆ ಕಿರಿಯರಿಬ್ಬರೂ "ಆಯ್ತು ಬುಡಿ" ಎನ್ನುತ್ತಿದ್ದರು. ಅದಕ್ಕೆ ರೆಸಲ್ಯೂಷನ್ ಎಂದು ಹೆಸರು. ಮೀಟಿಂಗಿನ ಮಿನಿಟ್ಸ್ ಹಿಂದಿನ ದಿನವೇ ಟೈಪ್ ಆಗಿರುತ್ತಿತ್ತು.

ಕಂಪನಿ ಮಾಡಿದ ಸಮಾಜಸೇವೆಯ ವರದಿ, ಅಂದರೆ ಸಿಎಸ್ಆರ್ ರಿಪೋರ್ಟು, ನನ್ನ ಪಾಲಿಗೆ. ಇಂಗ್ಲಿಷ್ ತಿದ್ದಿ ಸೈನ್ ಹಾಕಬೇಕು. ಒಂದು ವರ್ಷ ಡ್ರಾಫ್ಟಿನಲ್ಲಿ, ಗೋಪಿನಾಥಂ ಶಾಲೆಗೆ ಶುದ್ಧ ನೀರಿನ ಘಟಕ, 'ಕಂಪ್ಲೀಟೆಡ್' ಎಂದಿತ್ತು. ಮೂವರಲ್ಲಿ ಯಾರೂ ಹೋಗಿ ನೋಡಿರಲಿಲ್ಲ. ರಿಟೈರ್ ಆದ ಮೇಲೆ ಸ್ಕೂಲ್ ಬೆಲ್ಲು ಕೇಳದೆ ನನಗೂ ಕಿವಿ ಬಿಕೋ ಎನ್ನುತ್ತಿತ್ತು. ಹನೂರಿನ ಬಸ್ ಹತ್ತಿದೆ, ಅಲ್ಲಿಂದ ಬೆಟ್ಟ, ಬೆಟ್ಟದಿಂದ ಕಾಡು ದಾಟಿ ಗೋಪಿನಾಥಂ.

ಘಟಕದ ಕೋಣೆಯಲ್ಲಿ ಬಿಸಿಯೂಟದ ಸೌದೆ ಪೇರಿಸಿದ್ದರು. ಶಾಲೆಗೆ ಬರುವುದು ಸಿಂಗಲ್ ಫೇಸ್ ಕರೆಂಟು. ನಮ್ಮವರು ಕೊಟ್ಟದ್ದು ತ್ರೀ ಫೇಸ್ ಮೋಟರು, ಆ ಕರೆಂಟಿಗೆ ಅದು ಓಡದು. ಕ್ವಾರಿಯವರಿಗೆ ಮೋಟರೆಂದರೆ ಕ್ವಾರಿಯ ಮೋಟರೇ. ಮಕ್ಕಳು ಕೆಂಚು ಬಣ್ಣದ ಬೋರ್‌ವೆಲ್ ನೀರು ಕುಡಿದು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

"ಪಂಚಾಯ್ತಿಯವರು, ಕಂಪನಿಯವರೇ ಕೊಟ್ಟವ್ರಲ್ಲ, ನಾವ್ಯಾಕೆ ಬೇರೆ ಮೋಟರು ಕೊಡ್ಬೇಕು ಅಂತಾರೆ," ಎಂದರು ಹೆಡ್‌ಮಿಸ್ಟ್ರೆಸ್. "ನೀವೂ ಮುಗೀತು ಅಂತ ಬರೆದುಬಿಟ್ರೆ ಇನ್ಯಾರೂ ಈ ಕಡೆ ತಿರುಗಿ ನೋಡಲ್ಲ ಮೇಡಂ."

ಮೀಟಿಂಗಿಗೆ ನಾನು ತಿದ್ದಿದ ಪ್ರತಿ ತಂದೆ. 'ಕಂಪ್ಲೀಟೆಡ್' ಇದ್ದ ಕಡೆ ಇಷ್ಟಿತ್ತು: ಸಿಂಗಲ್ ಫೇಸ್ ಶಾಲೆಗೆ ಬೋರ್ಡು ತ್ರೀ ಫೇಸ್ ಮೋಟರು ಕೊಟ್ಟದ್ದರಿಂದ ಘಟಕ ಒಂದು ದಿನವೂ ಓಡಿಲ್ಲ.

"ಇಂಗ್ಲಿಷ್ ತಿದ್ಕೊಡಿ ಅಂದ್ರೆ ಸಂಗ್ತಿನೇ ತಿದ್ದಿದ್ದೀರಲ್ಲ ಮೇಡಂ," ಎಂದರು ಛೇರ್ಮನ್.

ಭಾವಮೈದ ಕಾಫಿ ಕೆಳಗಿಟ್ಟರು. "ಇವತ್ತಲ್ಲ ನಾಳೆ ಓಡ್ತದೆ. ಈಗ್ಲೇ ಓಡ್ತು ಅಂತ ಆಕುದ್ರೆ ಏನ್ ಓಯ್ತದೆ?"

"ನನ್ನ ಸೈನ್ ಹೋಗ್ತದೆ. ಹಾಕಲ್ಲ."

"ಈ ಬೋರ್ಡು ಅಂದ್ರೆ ಯಾರು, ನಾವಾ?" ಛೇರ್ಮನ್ ಮತ್ತೆ ಓದಿದರು.

"ನಾವೇ ಸರ್. ನಾನೂ ಸೇರಿ."

ಕಂಪನಿಯ ಷೇರುದಾರರೆಲ್ಲ ಮಾಂಬಳ್ಳಿ ಕಡೆಯ ಛೇರ್ಮನ್ನರ ನೆಂಟರು. ರಿಪೋರ್ಟಿನ ಪುಸ್ತಕ ಮನೆಮನೆಗೆ ಹೋಗುತ್ತದೆ. ಮುಂದಿನ ಮದುವೆಯ ಊಟದ ಪಂಕ್ತಿಯಲ್ಲಿ ಪಾಯಸದ ಜೊತೆ ಈ ವಾಕ್ಯವನ್ನೂ ಬಡಿಸಿದರೆ ಹೇಗಿರುತ್ತದೆಂದು ಮೂವರೂ ಲೆಕ್ಕ ಹಾಕುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ಸರ್ಕಾರಕ್ಕೆ ಹೆದರದವರು ಸೋದರತ್ತೆಗೆ ಹೆದರಿದರು.

"ಲೇ," ಎಂದರು ಛೇರ್ಮನ್ ಭಾವಮೈದನಿಗೆ, "ಸಿಂಗಲ್ ಫೇಸ್ ಮೋಟರ್ ತಕಂಡು ನೀನೇ ಓಗಿ ಆಕಿಸ್ಬುಟ್ಟು ಬಾ. ಅಲ್ಲೀಗಂಟ ಆ ಪುಸ್ತಕ ಅಚ್ಚಾಗದು ಬ್ಯಾಡ ಕಣ್ಲಾ."

ಕೆಲವು ವಾರಗಳಲ್ಲಿ ಹೆಡ್‌ಮಿಸ್ಟ್ರೆಸ್ ಫೋನ್ ಮಾಡಿದರು. "ನೀರು ಬಂತು ಮೇಡಂ. ಸಪ್ಪೆ ಅಂತ ಮಕ್ಕಳು ಮೂತಿ ಸಿಂಡರಿಸ್ತವೆ, ಆದ್ರೆ ಕುಡೀತಾವೆ."

ನಾನೇ ನನ್ನ ವಾಕ್ಯವನ್ನು ಹೊಡೆದು, 'ಕಂಪ್ಲೀಟೆಡ್' ಬರೆದು, ಸೈನ್ ಹಾಕಿದೆ. ಈಗ ಅದು ಸುಳ್ಳಲ್ಲ. ಆದರೆ ಪುಸ್ತಕ ಓದಿದವರಿಗೆ ನಾವು ನಾಲ್ವರೂ ಮೊದಲಿನಿಂದಲೂ ಜಾಣರಾಗಿಯೇ ಇದ್ದೆವು. ಮುಂದಿನ ಟರ್ಮಿಗೆ ನನ್ನನ್ನು ಕರೆಯಲಿಲ್ಲ, ಅದರ ಬೇಜಾರಿಲ್ಲ. ಆ ವಾಕ್ಯವನ್ನು ಹೊಡೆಯದೆ, ಅದರ ಕೆಳಗೆ ಆಮೇಲೆ ಮೋಟರು ಬದಲಿಸಿದೆವು ಎಂದು ಇನ್ನೊಂದು ಸಾಲು ಸೇರಿಸಿ ಎರಡನ್ನೂ ಉಳಿಸಬಹುದಿತ್ತಲ್ಲ ಎಂದು ಮಾತ್ರ ಈಗಲೂ ಅನಿಸುತ್ತದೆ.