ಮೊದಲ ವಿದ್ಯೆ

ನಮ್ಮ ಬೆಟಗೇರಿಯ ನೆಟ್ ಸೆಂಟರಿನಲ್ಲಿ ಹೊಸಬನೊಬ್ಬ ಆನ್‌ಲೈನ್ ಆಟಕ್ಕೆ ಕೂತರೆ ಸಾಕು, ಮಾಲೀಕ ಸಿದ್ದಲಿಂಗೇಶ ಕೈಯ ಚಹಾ ಬಿಟ್ಟು ಓಡಿಬರುತ್ತಾನೆ. ಆಟದ ವೀರನಿಗೆ ಮೊದಲು ಯಾವ ವಿದ್ಯೆ ಕೊಡಬೇಕೆಂಬುದು ಅವನಿಗೆ ಮಗಳಿಗೆ ಗಂಡು ನೋಡಿದಷ್ಟೇ ದೊಡ್ಡ ಮಾತು. “ಕತ್ತಿ ಆಮ್ಯಾಲ, ಮೊದಲ ಓಡಾಕ ಕಲಿಸಲೇ. ಜೀವ ಉಳದ್ರ ಶೂರ ಆಗಾಕ ಬರ್ತೈತಿ.” ಮುಂಡರಗಿ, ಶಿರಹಟ್ಟಿಯಿಂದಲೂ ಸಲಹೆ ಕೇಳಿ ಫೋನು ಬರುತ್ತದೆ, ಅಲ್ಲಿ ಯಾರೋ ರಾಕ್ಷಸನನ್ನು ಕೊಂದರೆ ಇಲ್ಲಿ ಇವನು ಎಲ್ಲರಿಗೂ ಮಿರ್ಚಿ ಭಜಿ ತರಿಸುತ್ತಾನೆ. ಅವನ ಸ್ವಂತ ವೀರ ಮಾತ್ರ ಕತ್ತಿ ಮುಟ್ಟಿದವನಲ್ಲ. ಗಳಿಸಿದ ಅಂಕವನ್ನೆಲ್ಲ ನೇಯ್ಗೆಗೇ ಸುರಿದು, ಆಟದ ಪೇಟೆಯಲ್ಲಿ ಮಗ್ಗ ಹಾಕಿಕೊಂಡು ಕೂತಿದ್ದಾನೆ. ಮನೆಯ ಮಗ್ಗ ಮಾರಿದ ಮೇಲೆ ಸಿದ್ದಲಿಂಗೇಶನ ಅಪ್ಪ ಅಂದಾನಪ್ಪ ದಿನಾ ಬಂದು, ಹಿಂದೆ ನಿಂತು ಪರದೆ ನೋಡುತ್ತಾನೆ. “ಎಳಿ ಸಡ್ಲ ಆಗೇತಿ, ಬಿಗಿ ಮಾಡಲೇ.” ಆಟದಲ್ಲಿ ಎಳೆ ಬಿಗಿಮಾಡುವ ಗುಂಡಿಯೇ ಇಲ್ಲ. ಸಿದ್ದಲಿಂಗೇಶ ಯಾವುದೋ ಒಂದನ್ನು ಒತ್ತಿ, “ಆತಪ್ಪಾ” ಎನ್ನುತ್ತಾನೆ.